ಕಪ್ಪೆಗಳ ಖಾನೇಷುಮಾರಿ

ಕಪ್ಪೆಯನ್ನು ತಕ್ಕಡಿಯಲ್ಲಿಟ್ಟು ತೂಗುವುದು ಆಗದ ಕೆಲಸ ಎಂದು ಹಿರಿಯರು ಹೇಳಿಟ್ಟರು. ಎಣಿಸುವುದರ ಬಗ್ಗೆ ಮಾತ್ರ ಏನನ್ನೂ ಹೇಳಲಿಲ್ಲ. ಅಂಥ ಹುಚ್ಚು ಯಾರಿಗೂ ಹಿಡಿಯಲಾರದೆಂದು ನಂಬಿದ್ದರೇನೋ. ಈಗ ಹಿಡಿದಿದೆ. ಮಳೆ ಹನಿ ಕಡಿಯದೆ ಸುರಿಯತೊಡಗಿತೆಂದರೆ ಬ್ಯಾಂಕಿನ ಗುಮಾಸ್ತರು, ಮೇಷ್ಟರು, ಕಾಲೇಜು ಹುಡುಗಿಯರು ಊಟ ಮುಗಿಸಿ, ಟಾರ್ಚ್ ಹಿಡಿದು ಗದ್ದೆಯಂಚಿಗೆ ಹೊರಡುತ್ತಾರೆ. ಅವರೊಳಗೆ ನಾನೂ ಒಬ್ಬ. ಸಂಬಳವಿಲ್ಲ, ಇಂಬಳ ಧಾರಾಳ. ಎದುರಿಗೆ ಸಿಕ್ಕವರು ಏನು ಕಳೆದುಕೊಂಡಿರಿ ಎಂದು ಕೇಳುತ್ತಾರೆ. ಕಪ್ಪೆ ಎಣಿಸುತ್ತಿದ್ದೇವೆ ಎಂದರೆ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಕಳೆದುಕೊಂಡದ್ದೇನೆಂದು ಅವರಿಗೆ ಅರ್ಥವಾಗಿರುತ್ತದೆ.

ಇದು ಕಿವಿಯ ಖಾನೇಷುಮಾರಿ. ನಮ್ಮ ಹೆಜ್ಜೆ ಕೇಳಿದೊಡನೆ ಕಪ್ಪೆಗಳು ಗಪ್‌ಚಿಪ್. ಟಾರ್ಚ್ ಆರಿಸಿ, ಬಾಯಿ ಮುಚ್ಚಿ ನಿಲ್ಲಬೇಕು. ಮೊದಲು ಯಾವುದೋ ಧೈರ್ಯವಂತ ಒಮ್ಮೆ ಟ್ರ್ರ್ ಎಂದು ನೋಡುತ್ತಾನೆ, ಇನ್ನೊಬ್ಬ ಜವಾಬು ಕೊಡುತ್ತಾನೆ, ಆಮೇಲೆ ಇಡೀ ಗದ್ದೆ ಬಾಯಿ ತೆರೆಯುತ್ತದೆ. ಅಮೆರಿಕದಲ್ಲಿ 1998ರಿಂದ ನಡೆಯುತ್ತಿರುವ ಫ್ರಾಗ್‌ವಾಚ್‌ನ ಸ್ವಯಂಸೇವಕರು ಮೂರು ನಿಮಿಷ ಕೇಳಿ ಅಂಕ ಹಾಕುತ್ತಾರೆ. ಏನೂ ಕೇಳದಿದ್ದರೆ 0. ಒಂದೊಂದು ಕೂಗನ್ನೂ ಬಿಡಿಸಿ ಎಣಿಸಬಹುದಾದರೆ 1. ಒಂದರ ಮೇಲೊಂದು ಬಿದ್ದರೆ 2. ಎಡೆಬಿಡದ ಗದ್ದಲವಾದರೆ 3. ಎಣಿಸಲು ಬಾರದಿದ್ದುದಕ್ಕೇ ಎಲ್ಲಕ್ಕಿಂತ ಹೆಚ್ಚು ಅಂಕ! ನನ್ನ ಗಣಿತದ ಮೇಷ್ಟರು ಈ ಪದ್ಧತಿ ಅನುಸರಿಸಿದ್ದರೆ ನಾನು ಪ್ರತಿವರ್ಷ ತರಗತಿಗೆ ಮೊದಲಿಗನಾಗುತ್ತಿದ್ದೆ.

ಇನ್ನೊಂದು ತೊಡಕುಂಟು. ಕೂಗುವುದು ಬಹುಪಾಲು ಗಂಡುಗಳು. ಹೆಣ್ಣು ಸದ್ದಿಲ್ಲದೆ ಬಂದು, ಕೇಳಿ, ಆರಿಸಿಕೊಂಡು ಹೋಗುತ್ತಾಳೆ. ಹಾಗಾಗಿ ನಮ್ಮ ಪುಸ್ತಕ ತುಂಬುವುದು ‘ವಧು ಬೇಕಾಗಿದೆ’ ಜಾಹೀರಾತುಗಳಿಂದ. ಅವುಗಳಲ್ಲಿ ಗೋಂಕರುಗಪ್ಪೆಯದು ಬಣ್ಣದ ಜಾಹೀರಾತು. ಉಳಿದ ದಿನಗಳಲ್ಲಿ ಕೆಸರಿನ ಬಣ್ಣದ ಈ ದಡೂತಿ ಗಂಡು ಮೊದಲ ಮಳೆಗೆ ನಿಂಬೆಹಣ್ಣಿನ ಹಳದಿಗೆ ತಿರುಗುತ್ತದೆ. ಕೂಗಿದಾಗ ಗಂಟಲಿನ ಎರಡೂ ಬದಿ ನೀಲಿ ಚೀಲಗಳು ಉಬ್ಬುತ್ತವೆ. ಇಷ್ಟು ಸಿಂಗಾರವಾದ ಮೇಲೂ ಕಣ್ಣುಗಳಲ್ಲಿ ಅದೇ ಹಳೆಯ ಸಾಲಗಾರನ ಗಾಬರಿ.

ಯಾಕೆ ಈ ಉಸಾಬರಿ ಎಂದರೆ, ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನೀರನ್ನೂ ಚರ್ಮದಿಂದಲೇ ಹೀರುತ್ತದೆ; ಕೆರೆಗೆ ಬಿದ್ದ ವಿಷ ಅದಕ್ಕೆ ಬೇಗ ತಟ್ಟುತ್ತದೆ. ಜಗತ್ತಿನ ಉಭಯವಾಸಿಗಳಲ್ಲಿ ಶೇಕಡ 41ರಷ್ಟು ಪ್ರಭೇದಗಳು ಅಳಿವಿನಂಚಿಗೆ ಸರಿದಿವೆ ಎಂದು 2023ರ ಜಾಗತಿಕ ಮೌಲ್ಯಮಾಪನ ಹೇಳಿತು.

ಆದರೂ ನಮ್ಮಲ್ಲಿ ಜೌಗು ಪ್ರದೇಶಕ್ಕೆ ಮರ್ಯಾದೆ ಬರುವುದು ಹಕ್ಕಿಗಳಿಂದ. ರಂಗನತಿಟ್ಟು, ಮಾಗಡಿ ಕೆರೆ, ಅಂಕಸಮುದ್ರ ಮಹತ್ವದ ಜೌಗುಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿ ಸೇರಿದ್ದು ರೆಕ್ಕೆಯ ಬಲದಿಂದಲೇ. ನೀರುಹಕ್ಕಿಗಳ ಗಣತಿ ಜನವರಿಯಲ್ಲಿ, ಎಳೆಬಿಸಿಲಿನಲ್ಲಿ, ದುರ್ಬೀನು, ಫ್ಲಾಸ್ಕಿನ ಕಾಫಿಯೊಂದಿಗೆ ನಡೆಯುತ್ತದೆ. (ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ.) ಆ ಹೊತ್ತಿಗೆ ಕರಾವಳಿಯ ಮುರಕಲ್ಲು ಪಾರೆಗಳ ಮೇಲಿನ ಮಳೆಗಾಲದ ಹೊಂಡಗಳು ಒಣಗಿ, ಅಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಸರ್ಕಾರಿ ಕಡತದಲ್ಲಿ ಇಂಥ ನೆಲದ ಹೆಸರು ಬಂಜರು. ಮಣಿಪಾಲದ ಇಂಥದೇ ಬಂಜರಿನಲ್ಲಿ ಊರ ಜನರನ್ನು ಸೇರಿಸಿಕೊಂಡು ನಡೆದ ಸಮೀಕ್ಷೆಯಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ತುಸು ದೊಡ್ಡದಾದ ಕಪ್ಪೆಯೊಂದು ಸಿಕ್ಕಿತು. 2016ರಲ್ಲಿ ಅದು ಹೊಸ ಪ್ರಭೇದವೆಂದು ಪ್ರಕಟವಾಯಿತು. ಹೆಸರು ಮೈಕ್ರೊಹೈಲಾ ಲ್ಯಾಟರೈಟ್; ಲ್ಯಾಟರೈಟ್ ಎಂದರೆ ಅದೇ ಮುರಕಲ್ಲು. ಕೂಗು ಕೇಳಿದರೆ ಜೀರುಂಡೆಯೆಂದೇ ಅನ್ನಿಸುತ್ತದೆ, ಹಾಗಾಗಿ ಎಷ್ಟು ಮಂದಿ ಅದನ್ನು ಕೇಳಿಯೂ ಕೇಳದೆ ಮಲಗಿದ್ದರೋ! ಎರಡು ವರ್ಷದ ಬಳಿಕ ಮಂಗಳೂರಿನಲ್ಲಿ ಹಿಂದೆ ಮರದ ದಿಮ್ಮಿ ಪೇರಿಸುತ್ತಿದ್ದ ಜಾಗದಿಂದ ಅದರ ದಾಯಾದಿಯೊಂದು ಹೊರಬಂತು. ಅದಕ್ಕೆ ಊರಿನ ಕೊಂಕಣಿ ಹೆಸರಾದ ಕೊಡಿಯಾಲವನ್ನೇ ಇಟ್ಟರು. ಹೊಂಡ ನಾಲ್ಕು ತಿಂಗಳದ್ದಾದರೇನು, ಗೊದಮೊಟ್ಟೆಗೆ ಕಾಲು ಮೂಡಿ ದಡ ಹತ್ತುವಷ್ಟು ದಿನ ನೀರು ನಿಂತರೆ ಅದೂ ಸಾಗರವೇ. ಅಷ್ಟರೊಳಗೆ ಮಣ್ಣಿನ ಲಾರಿ ಬಂದು ಸುರಿಯದಿದ್ದರೆ ಸರಿ.

ಪಕ್ಕದ ಮನೆಯ ಯಜಮಾನರು ಮೊದಲೆಲ್ಲ ನಮ್ಮನ್ನು ಕಂಡರೆ ನಗುತ್ತಿದ್ದರು. ಮೊನ್ನೆ ಅವರೇ ಬಂದು, ತಮ್ಮ ಬಚ್ಚಲುಮನೆಯ ಮರಗಪ್ಪೆಯನ್ನೂ ಪುಸ್ತಕಕ್ಕೆ ಸೇರಿಸಬೇಕೆಂದರು. ರಾತ್ರಿಯಿಡೀ ಟಕ್ ಟಕ್ ಅನ್ನುತ್ತದಂತೆ. ಇರುವುದು ಒಂದೇ, ಅಂದಮೇಲೆ 1 ಎಂದು ಬರೆದುಕೊಂಡೆ. ಅವರು ಒಪ್ಪಲೇ ಇಲ್ಲ. “ನಮ್ಮ ಮನೆಯಲ್ಲಿ ಮಲಗಿ ನೋಡಿ, 3 ಹಾಕುತ್ತೀರಿ” ಎಂದರು.