ಹುಡುಗರ ಜಗಳ, ಒಂದು ಮುಂದಿನ ಹಲ್ಲು

ಆ ತಾಯಿ ಕರ್ಚೀಫಿನ ಗಂಟು ಬಿಚ್ಚಿ ಪೊಲೀಸ್ ಠಾಣೆಯ ಮೇಜಿನ ಮೇಲೆ ಇಟ್ಟದ್ದು ಒಂದು ಹಲ್ಲು. ಬೇರಿನ ತುದಿಯಲ್ಲಿ ರಕ್ತ ಒಣಗಿತ್ತು. "ಮುಂದಿನ ಹಲ್ರೀ ಇದು. ಹಾಲಹಲ್ಲು ಅಲ್ಲ, ಮತ್ತ ಬರೂದಿಲ್ಲ" ಅಂದರು. ಕಲಬುರಗಿ ಕಡೆಯವರು, ಮುಂಬಯಿಯ ಸಯನ್ ಕೋಳಿವಾಡದಲ್ಲಿ ಮನೆ. ಅವರ 16 ವರ್ಷದ ಮಗ ಬಾಯಿಗೆ ಟವೆಲ್ ಒತ್ತಿಕೊಂಡು ಪಕ್ಕದಲ್ಲಿ ಕೂತಿದ್ದ. ಎದುರಿನ ಬೆಂಚಿನಲ್ಲಿ ನನ್ನ ಅಕ್ಕನ ಮಗ.

ಕಳೆದ ವರ್ಷದ ಜೂನ್. ವಡಾಲದ ಒಂದು ಮೈದಾನದಲ್ಲಿ ಮಳೆಯಲ್ಲೇ ಫುಟ್‌ಬಾಲ್ ಆಡುತ್ತಿದ್ದರು. ಯಾರೋ ಯಾರನ್ನೋ ಕೆಸರಿಗೆ ತಳ್ಳಿದರು, ಬೈದಾಡಿಕೊಂಡರು. ಅಲ್ಲಿಗೇ ಮುಗಿಯಬಹುದಿತ್ತು. ಎರಡು ಗಂಟೆ ಬಿಟ್ಟು ನಮ್ಮ ಹುಡುಗರು ಆರು ಜನ ಸೇರಿಕೊಂಡು ವಾಪಸ್ ಹೋದರು.

"ಮಾವ, ನಾನು ಹೊಡೀಲೇ ಇಲ್ಲ. ಬರೀ ಅವನ ಕೈ ಹಿಡ್ಕೊಂಡಿದ್ದೆ." ಠಾಣೆಗೆ ಹೋದ ಕೂಡಲೇ ನನ್ನ ಅಳಿಯ ಹೇಳಿದ ಮೊದಲ ಮಾತು ಇದು. ಅವನಿಗೆ ಆಗ 17. ಕೈ ಹಿಡಿಯುವುದು ತಪ್ಪಲ್ಲ ಅಂತ ಅವನು ನಿಜವಾಗಿ ನಂಬಿದ್ದ. ಹೊಡೆದವನು ಅವನ ಗೆಳೆಯ. ಇವನು ಕೈ ಹಿಡಿದುಕೊಂಡಿದ್ದರಿಂದಲೇ ಆ ಹುಡುಗನಿಗೆ ಮುಖ ಅಡ್ಡ ಹಿಡಿಯಲೂ ಆಗಲಿಲ್ಲ.

ನನ್ನ ತಲೆಯಲ್ಲಿ ಬಂದ ಮೊದಲ ಯೋಚನೆಯೂ ಒಳ್ಳೆಯದೇನಲ್ಲ. ಸದ್ಯ, ಹಲ್ಲು ತಾನೇ ಅಂದುಕೊಂಡೆ. ಮುಂಬಯಿಯಲ್ಲಿ ಇರುವವರಿಗೆಲ್ಲ ಎನ್‌ಸಿ, ಅಂದರೆ ನಾನ್-ಕಾಗ್ನಿಜಬಲ್ ದೂರು, ಗೊತ್ತು. ಸಣ್ಣ ಪೆಟ್ಟಾದರೆ ಠಾಣೆಯಲ್ಲಿ ಎನ್‌ಸಿ ಬರೆದುಕೊಂಡು ಕಳಿಸುತ್ತಾರೆ. ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವುದಿಲ್ಲ. ನಮ್ಮದೂ ಹಾಗೇ ಅಂತ ನಾನು, ಅಕ್ಕ, ಭಾವ ಮೂವರೂ ಅಂದುಕೊಂಡಿದ್ದೆವು.

ಹಾಗಾಗಲಿಲ್ಲ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯದರಲ್ಲೂ ಹೊಸದರಲ್ಲೂ ಒಂದು ಮಾತು ಮಾತ್ರ ಹಾಗೇ ಇದೆ. ಮೂಳೆ ಮುರಿದರೆ ಹೇಗೋ, ಹಲ್ಲು ಮುರಿದರೂ ಹಾಗೇ. ಅದು 'ತೀವ್ರ ಗಾಯ'. ಬರೀ ಪೆಟ್ಟಾದರೆ ಜಾಸ್ತಿಯೆಂದರೆ 1 ವರ್ಷ ಜೈಲು. ತೀವ್ರ ಗಾಯವಾದರೆ 7 ವರ್ಷದವರೆಗೆ ಹೋಗಬಹುದು. ಚಾಕುವಿನಂಥ ಆಯುಧದಿಂದ ಆದರೆ ಜೀವಾವಧಿಯವರೆಗೂ. ಕೈ ಹಿಡಿದವನು? ಒಂದೇ ಉದ್ದೇಶದಿಂದ ಕೂಡಿ ಮಾಡಿದರೆ ಹೊಡೆದವನಷ್ಟೇ ಅವನೂ ಹೊಣೆ. ಇನ್ನು ಐದು ಅಥವಾ ಅದಕ್ಕಿಂತ ಹೆಚ್ಚು ಜನ ಹೊಡೆಯಲೆಂದೇ ಗುಂಪು ಕಟ್ಟಿಕೊಂಡು ಹೋದರೆ ಗಲಭೆಯ ಕಲಮೂ ಬೀಳುತ್ತದೆ. ನಮ್ಮವರು ಆರು ಜನ. "ಅವನೇ ಮೊದಲು ತಳ್ಳಿದ್ದು" ಅನ್ನುವುದೂ ನಡೆಯುವುದಿಲ್ಲ. ಅಪಾಯ ಎದುರಿಗೆ ಇದ್ದಾಗ ನಮ್ಮನ್ನು ಕಾಪಾಡಿಕೊಳ್ಳುವ ಹಕ್ಕು ಇದೆ. ಮನೆಗೆ ಹೋಗಿ ಚಹಾ ಕುಡಿದು, ಗೆಳೆಯರನ್ನು ಕರೆದುಕೊಂಡು ವಾಪಸ್ ಬಂದು ಹೊಡೆದರೆ ಅದು ಸೇಡು.

ಇದನ್ನೆಲ್ಲ ನಮ್ಮ ಹುಡುಗನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ನನ್ನ ಮನಸ್ಸಿಗೆ ಜಾಸ್ತಿ ನಾಟಿದ್ದು ಹೊಡೆದ ಹುಡುಗನ ಕಥೆ. ಅವನು ಮೂರನೇ ಕ್ಲಾಸಿನವರೆಗೆ ಊರಲ್ಲಿ ಓದಿದವನು. ಶಾಲೆಗೆ ಸೇರಿಸುವಾಗ ಜನನ ಪತ್ರ ಮಾಡಿಸಿರಲಿಲ್ಲ. ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡರು. ನಮ್ಮ ಕಡೆ ಎಷ್ಟು ಜನರ ಹುಟ್ಟಿದ ದಿನ ಜೂನ್ 1 ಅಲ್ವಾ? ಇಡೀ ಕ್ಲಾಸಿಗೆ ಒಂದೇ ಹುಟ್ಟುಹಬ್ಬ. ಅವನ ತಾಯಿ ಠಾಣೆಯಲ್ಲಿ ಅಳುತ್ತಾ, "ನವರಾತ್ರಿಯಲ್ಲಿ ಹುಟ್ಟಿದ್ದು ಸಾರ್, ಇನ್ನೂ 18 ಆಗಿಲ್ಲ" ಅಂತ ಹೇಳುತ್ತಲೇ ಇದ್ದರು. ಆದರೆ 18 ತುಂಬದವರಿಗೆ ಇರುವ ಬಾಲ ನ್ಯಾಯ ಕಾಯ್ದೆಯಲ್ಲಿ ವಯಸ್ಸಿಗೆ ಮೊದಲು ನೋಡುವುದು ಶಾಲೆಯ ಅಥವಾ ಹತ್ತನೇ ಕ್ಲಾಸಿನ ದಾಖಲೆ. ಅದರ ಪ್ರಕಾರ ಅವನಿಗೆ 18 ತುಂಬಿ ಮೂರು ವಾರ.

ಅಲ್ಲಿಂದ ಇಬ್ಬರ ದಾರಿ ಬೇರೆಯಾಯಿತು. ದೊಡ್ಡವರನ್ನೂ ಮಕ್ಕಳನ್ನೂ ಕೂಡಿಸಿ ವಿಚಾರಣೆ ಮಾಡುವಂತಿಲ್ಲ. ಗೆಳೆಯನ ಮೇಲೆ ಎಫ್‌ಐಆರ್ ಆಯಿತು. ಜಾಮೀನು ಸಿಗುವ ಅಪರಾಧವಾದ್ದರಿಂದ ಅವತ್ತೇ ಮನೆಗೆ ಬಂದ, ಆದರೆ ಕೇಸು ಉಳಿಯಿತು. ಈಗ ತಾರೀಕಿನ ಮೇಲೆ ತಾರೀಕು. ಅವನು ಹಡಗಿನ ಕೆಲಸಕ್ಕೆ ಹೋಗಬೇಕೆಂದಿದ್ದ. ಕೋರ್ಟಿನಲ್ಲಿ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟಿಗೇ ತೊಡಕು.

ನನ್ನ ಅಳಿಯನಿಗೆ ಲಾಕಪ್ ಇಲ್ಲ, ಕೈಕೋಳ ಇಲ್ಲ. ಅಕ್ಕನ ಜೊತೆ ಮನೆಗೆ ಕಳಿಸಿದರು. ಡೋಂಗ್ರಿಯಲ್ಲಿ ಬಾಲ ನ್ಯಾಯ ಮಂಡಳಿಯ ಮುಂದೆ ಬರಬೇಕಾದ ದಿನ ತಿಳಿಸಿದರು. ಮಂಡಳಿಯಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಸೇವಕರು. ಮನೆಯಲ್ಲಿ ಯಾರು ಯಾರಿದ್ದಾರೆ, ಓದು ಹೇಗೆ, ಗೆಳೆಯರು ಯಾರು, ಅಪ್ಪ ಹೊಡೆಯುತ್ತಾರಾ ಅಂತ ಕೇಳಿದರು. ಕೊನೆಗೆ ಕೌನ್ಸೆಲಿಂಗ್, ಸಮುದಾಯ ಸೇವೆ. ದಾಖಲೆಯೂ ಮುಂದೆ ಅವನ ಬೆನ್ನಿಗೆ ಅಂಟಿಕೊಂಡು ಇರುವುದಿಲ್ಲ, ನಾಶ ಮಾಡಬೇಕು ಅಂತ ಕಾನೂನೇ ಹೇಳುತ್ತದೆ.

ನಮ್ಮ ಸಂಬಂಧಿಕರೊಬ್ಬರು ಅವತ್ತು, "ಬಿಡು, ಒಂದು ಪ್ರಬಂಧ ಬರೆಸಿ ಬಿಡ್ತಾರೆ" ಅಂದರು. 2024ರ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಕಾರು ಗುದ್ದಿ ಇಬ್ಬರು ಸತ್ತಾಗ, 17ರ ಹುಡುಗನಿಗೆ 300 ಪದಗಳ ಪ್ರಬಂಧ ಬರೆಯಲು ಹೇಳಿ ಜಾಮೀನು ಕೊಟ್ಟಿದ್ದರಲ್ಲ, ಅದು ಅವರ ತಲೆಯಲ್ಲಿತ್ತು. ನನಗೆ ಆ ಮಾತಿಗೆ ಬಂದಷ್ಟು ಸಿಟ್ಟು ಹುಡುಗನ ಮೇಲೂ ಬರಲಿಲ್ಲ. ಈ ಕಾನೂನಿನ ಮೆತ್ತನೆ ಇರುವುದು ಹುಡುಗ ತಿದ್ದಿಕೊಳ್ಳಲಿ ಅಂತ. ನಾವು ಅದನ್ನು ಮಕ್ಕಳಿಗೆ "ಏನೂ ಆಗಲ್ಲ" ಅಂತ ಕಲಿಸಿದರೆ ಆ ಮಕ್ಕಳನ್ನು ಕೆಡಿಸುವವರು ನಾವೇ. ಏಟು ತಲೆಗೆ ಬಿದ್ದು ಜೀವ ಹೋಗಿ ಕೊಲೆ ಕೇಸಾಗಿದ್ದರೆ? 16 ದಾಟಿದವನನ್ನು, ಅವನ ಮನಸ್ಸು ತಿಳುವಳಿಕೆ ಎಲ್ಲ ಪರೀಕ್ಷಿಸಿ, ದೊಡ್ಡವರ ಹಾಗೆ ವಿಚಾರಣೆ ಮಾಡಲು 2015ರ ಇದೇ ಬಾಲ ನ್ಯಾಯ ಕಾಯ್ದೆಯಲ್ಲೇ ದಾರಿ ಇದೆ.

ವಿಡಿಯೋ ಬಗ್ಗೆಯೂ ಹೇಳಲೇಬೇಕು. ಯಾರೋ ಮೊಬೈಲಿನಲ್ಲಿ ಹೊಡೆದಾಟ ತೆಗೆದಿದ್ದರು. ರಾತ್ರಿಯೊಳಗೆ ಬಿಲ್ಡಿಂಗ್ ಗ್ರೂಪಿನಲ್ಲಿ ಬಂತು. ದಯವಿಟ್ಟು ಹಾಗೆ ಮಾಡಬೇಡಿ. ಪೊಲೀಸರಿಗೆ ಕೊಡಿ, ಡಿಲೀಟ್ ಮಾಡಬೇಡಿ, ಫಾರ್ವರ್ಡ್ ಮಾಡಬೇಡಿ. ಇಂಥ ಕೇಸಿನಲ್ಲಿ ಮಗುವಿನ ಗುರುತು ಹೊರಗೆ ಹಾಕಿದರೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಪೆಟ್ಟು ತಿಂದ ಹುಡುಗನಿಗೂ ಇದೇ ರಕ್ಷಣೆ ಇದೆ. ಆ ವಿಡಿಯೋದಲ್ಲಿ ಅವನು ಕೆಸರಲ್ಲಿ ಕೈ ಹಾಕಿ ಹಲ್ಲು ಹುಡುಕುತ್ತಿದ್ದುದು ಕಾಣುತ್ತಿತ್ತು. ಅದನ್ನು ಸುಮ್ನೆ ಕೂತು ನೋಡಿದವರು ಎಷ್ಟು ಜನವೋ.

ಮಂಡಳಿಯ ಆದೇಶ ಬಂದ ಮೇಲೆ ಆ ತಾಯಿಯನ್ನು ಕೇಳಿ, ಅವರು ಬನ್ನಿ ಅಂದ ಮೇಲೆ ಅಳಿಯನನ್ನು ಕೋಳಿವಾಡಕ್ಕೆ ಕರೆದುಕೊಂಡು ಹೋದೆ. ಅದಕ್ಕೆ ಮೊದಲು ಹೋದರೆ ಕೇಸು ವಾಪಸ್ ತೆಗೆಸಲು ಬಂದರು ಅಂತ ಆಗುತ್ತಿತ್ತು. ಅಕ್ಕ ಚಕ್ಕುಲಿ ಮಾಡಿ ಕೊಟ್ಟಿದ್ದಳು. ಚಕ್ಕುಲಿ ಕೊಡುವಾಗ ನಮಗ್ಯಾರಿಗೂ ಹೊಳೆಯಲಿಲ್ಲ. ಆ ಹುಡುಗನಿಗೆ ದವಡೆ ಬೆಳೆದು ನಿಲ್ಲುವವರೆಗೆ ಇಂಪ್ಲಾಂಟ್, ಅಂದರೆ ದವಡೆಗೇ ಕೂರಿಸುವ ಖಾಯಂ ಕಟ್ಟುಹಲ್ಲು, ಹಾಕುವುದಿಲ್ಲ ಅಂತ ಡಾಕ್ಟರು ಅಂದಿದ್ದಾರಂತೆ. ಅಲ್ಲಿಯವರೆಗೆ ತೆಗೆದು ಹಾಕುವ ಹಲ್ಲು. ಅವನು ತಟ್ಟೆ ನೋಡಿದ. ಆಮೇಲೆ ಗೋಡೆ ಕಡೆ ತಿರುಗಿ ಹಲ್ಲು ತೆಗೆದು ಸಣ್ಣ ಡಬ್ಬಿಗೆ ಹಾಕಿದ. ಚಕ್ಕುಲಿಯನ್ನು ಬೆರಳಲ್ಲೇ ಚೂರು ಮಾಡಿ, ಒಂದೊಂದೇ ಚೂರನ್ನು ಬಾಯಿಯ ಪಕ್ಕಕ್ಕೆ ಇಟ್ಟುಕೊಂಡು ತಿಂದ. ನನ್ನ ಅಳಿಯ ತನ್ನ ತಟ್ಟೆ ಮುಟ್ಟಲಿಲ್ಲ.