ಎರಡು ಕೊರಿಯಾ, ಒಂದೇ ಆಲ್ಬಮ್

ಸ್ಟಾಂಪ್ ಕೂಡಿಡುವವರಲ್ಲಿ ಹೆಚ್ಚಿನವರು ಉತ್ತರ ಕೊರಿಯಾಕ್ಕೆ ಒಂದು ಆಲ್ಬಮ್, ದಕ್ಷಿಣ ಕೊರಿಯಾಕ್ಕೆ ಇನ್ನೊಂದು ಇಡುತ್ತಾರೆ. ಕ್ಯಾಟಲಾಗ್‌ಗಳೂ ಹಾಗೇ ವಿಂಗಡಿಸುತ್ತವೆ. ನಾನು 1946ರಿಂದ 1953ರವರೆಗಿನ ಕೊರಿಯಾವನ್ನು ಒಂದೇ ಆಲ್ಬಮ್‌ನಲ್ಲಿ, ತಾರೀಕಿನ ಪ್ರಕಾರ ಇಡುತ್ತೇನೆ. ಎಡಗಡೆ ದಕ್ಷಿಣದ ರಾಜಧಾನಿ ಸೋಲ್, ಬಲಗಡೆ ಉತ್ತರದ ರಾಜಧಾನಿ ಪ್ಯಾಂಗ್ಯಾಂಗ್ ಅಂತಲೂ ಇಲ್ಲ. ಯಾವುದು ಮೊದಲು ಬಂತೋ ಅದು ಮೊದಲು. ಇದನ್ನು ನೋಡಿದ ಹಿರಿಯ ಸಂಗ್ರಾಹಕರೊಬ್ಬರು ‘ಏನಪ್ಪಾ ಇದು, ಚಿತ್ರಾನ್ನ ಮಾಡಿಟ್ಟಿದ್ದೀಯಾ’ ಅಂದರು. ಇರಲಿ. ಯಾಕೆ ಹೀಗೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಕೊರಿಯಾದ ಅಂಚೆಗೆ ಮೊದಲಿನಿಂದಲೂ ಗ್ರಹಚಾರ ಸರಿ ಇಲ್ಲ. 1884ರ ನವೆಂಬರ್‌ನಲ್ಲಿ ಸೋಲ್‌ನಲ್ಲಿ ಅಂಚೆ ಕಚೇರಿ ಶುರುವಾಯಿತು. 5 ಮುನ್ ಮತ್ತು 10 ಮುನ್ ಬೆಲೆಯ ಸ್ಟಾಂಪು ಬಂದವು. ಉಳಿದ ಬೆಲೆಯವು ಜಪಾನಿನಲ್ಲಿ ಅಚ್ಚಾಗಿ ಬರಬೇಕಿತ್ತು. ಅಷ್ಟರಲ್ಲಿ ಡಿಸೆಂಬರ್ 4ರಂದು, ಆ ಅಂಚೆ ಕಚೇರಿಯ ಉದ್ಘಾಟನೆಯ ಔತಣದಲ್ಲೇ ದಂಗೆ ಎದ್ದಿತು. ಕಚೇರಿಗೆ ಬೀಗ ಬಿತ್ತು. ಆಮೇಲೆ ಸುಮಾರು ಹತ್ತು ವರ್ಷ ಕಳೆದು ಅಂಚೆ ಮತ್ತೆ ಶುರುವಾಗಿ ಒಂದು ಹದಕ್ಕೆ ಬರುವಷ್ಟರಲ್ಲಿ, 1905ರಲ್ಲಿ ಜಪಾನ್ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಅಲ್ಲಿಂದ ಮುಂದೆ ಕೊರಿಯಾದವರು ತಮ್ಮ ಪತ್ರಕ್ಕೆ ಜಪಾನಿನ ಸ್ಟಾಂಪು ಅಂಟಿಸಬೇಕಾಯಿತು. ಸುಮಾರು ನಲವತ್ತು ವರ್ಷ.

1945ರ ಆಗಸ್ಟ್‌ನಲ್ಲಿ ಜಪಾನ್ ಸೋತಿತು. ವಾಷಿಂಗ್ಟನ್‌ನಲ್ಲಿ ಡೀನ್ ರಸ್ಕ್ ಮತ್ತು ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಸೇನಾಧಿಕಾರಿಗಳು ರಾತ್ರೋರಾತ್ರಿ ನ್ಯಾಷನಲ್ ಜಿಯಾಗ್ರಫಿಕ್‌ನ ಒಂದು ನಕ್ಷೆ ಮುಂದಿಟ್ಟುಕೊಂಡು 38ನೇ ಅಕ್ಷಾಂಶವನ್ನು ಗಡಿ ಅಂತ ಆರಿಸಿದರು. ಮೇಲಿನದು ರಷ್ಯಾದ ಸೈನ್ಯಕ್ಕೆ, ಕೆಳಗಿನದು ಅಮೆರಿಕದ ಸೈನ್ಯಕ್ಕೆ. ಜಪಾನಿ ಸೈನಿಕರನ್ನು ಶರಣಾಗಿಸಿಕೊಳ್ಳಲು ಮಾಡಿದ ತಾತ್ಕಾಲಿಕ ಏರ್ಪಾಡು ಅದು. ಇದೇ ಶಾಶ್ವತ ಆಗುತ್ತದೆ ಅಂತ ಆಗ ಕೊರಿಯಾದ ಜನರಿಗೆ ಅನ್ನಿಸಿರಲಿಲ್ಲ. ಆ ಕಾಲದ ಸ್ಟಾಂಪುಗಳನ್ನು ನೋಡಿದರೆ ಅದು ಚೆನ್ನಾಗಿ ಗೊತ್ತಾಗುತ್ತದೆ.

1946ರ ಫೆಬ್ರವರಿ 1ರಂದು ದಕ್ಷಿಣದಲ್ಲಿ ಆರು ಸ್ಟಾಂಪು ಬಂದವು. ಹೊಸದಾಗಿ ಅಚ್ಚು ಹಾಕಲು ಪುರುಸೊತ್ತಿಲ್ಲ. ಉಳಿದಿದ್ದ ಜಪಾನಿ ಸ್ಟಾಂಪುಗಳ ಮೇಲೆಯೇ ಕೊರಿಯನ್ ಲಿಪಿಯಲ್ಲಿ ಓವರ್‌ಪ್ರಿಂಟ್ ಮಾಡಿ, ಬೆಲೆ ಬದಲಿಸಿ ಬಿಟ್ಟರು. 17 ಸೆನ್‌ನ (ಸೆನ್ ಅಂದರೆ ಜಪಾನಿನ ಚಿಲ್ಲರೆ ಕಾಸು) ಸ್ಟಾಂಪಿನ ಮೇಲೆ 5 ವೊನ್ (ಕೊರಿಯಾದ ರೂಪಾಯಿ ಇದ್ದಂತೆ) ಅಂತ ಹೊಡೆದಿದ್ದಾರೆ. ಸಾಮ್ರಾಜ್ಯದ ಚಿತ್ರದ ಮೇಲೆ, ಆ ಸಾಮ್ರಾಜ್ಯ ಶಾಲೆಗಳಿಂದ ಹೊರಗಟ್ಟಿದ್ದ ಭಾಷೆಯ ಅಕ್ಷರ. ನನಗೆ ಇಡೀ ಸಂಗ್ರಹದಲ್ಲಿ ಈ ಆರು ಭಾಳ ಇಷ್ಟ. ನೋಡಲು ಚಂದ ಅಂತಲ್ಲ. ಚಂದ ಏನೂ ಇಲ್ಲ.

ಉತ್ತರದ ಮೊದಲ ಸ್ಟಾಂಪು ಬಂದದ್ದು ಅದೇ ವರ್ಷ ಮಾರ್ಚ್ 12ಕ್ಕೆ. ಎರಡು ಸ್ಟಾಂಪು. 50 ಚೊನ್‌ನದರ (ಚೊನ್ ಅಂದರೆ ವೊನ್‌ನ ಪೈಸೆ) ಮೇಲೆ ಕುಮ್‌ಗಾಂಗ್ ಬೆಟ್ಟ, 20 ಚೊನ್‌ನದರ ಮೇಲೆ ಮುಗುಂಗ್ವಾ ಹೂವು, ಅಂದರೆ ನಮ್ಮ ದಾಸವಾಳದ ಬಳಗಕ್ಕೇ ಸೇರಿದ್ದು. ಇವತ್ತು ಮುಗುಂಗ್ವಾ ಯಾರ ರಾಷ್ಟ್ರೀಯ ಹೂವು? ದಕ್ಷಿಣ ಕೊರಿಯಾದ್ದು!

ಇನ್ನೂ ಒಂದು ಇದೆ ನೋಡಿ. ಮೇ 1ಕ್ಕೆ ದಕ್ಷಿಣದವರು ವಿಮೋಚನೆಯ ನೆನಪಿಗೆ ಸ್ಟಾಂಪು ತಂದರು. ಅದರಲ್ಲಿ ಒಂದು ಕುಟುಂಬ, ಜೊತೆಗೆ ತೇಗುಕ್ಕಿ ಬಾವುಟ. ನಡುವೆ ಚಕ್ರ, ನಾಲ್ಕು ಮೂಲೆಗೆ ಗೆರೆಗಳು ಇರುತ್ತವಲ್ಲ, ಇವತ್ತಿನ ದಕ್ಷಿಣ ಕೊರಿಯಾದ ಬಾವುಟ, ಅದೇ. ಸರಿ, ಇದರಲ್ಲಿ ಆಶ್ಚರ್ಯ ಏನಿಲ್ಲ. ಆಗಸ್ಟ್ 15ಕ್ಕೆ ಉತ್ತರದವರು ವಿಮೋಚನೆಯ ಮೊದಲ ವರ್ಷದ ನೆನಪಿಗೆ 50 ಚೊನ್‌ನ ಸ್ಟಾಂಪು ತಂದರು. ಅದರ ಮೇಲೆ ಕಿಮ್ ಇಲ್ ಸಂಗ್, ಆಗಿನ್ನೂ 34 ವರ್ಷ. ಜೊತೆಗೆ ಯಾವ ಬಾವುಟ ಅಂದುಕೊಂಡಿರಿ? ಅದೇ ತೇಗುಕ್ಕಿ. ಉತ್ತರದವರು ತಮ್ಮದೇ ಬೇರೆ ಬಾವುಟ ಮಾಡಿಕೊಂಡಿದ್ದು 1948ರಲ್ಲಿ.

ಮೇ ತಿಂಗಳ ಸ್ಟಾಂಪನ್ನು ಒಂದು ಆಲ್ಬಮ್‌ನಲ್ಲೂ ಆಗಸ್ಟ್ ತಿಂಗಳದನ್ನು ಕಪಾಟಿನ ಇನ್ನೊಂದು ತುದಿಯ ಆಲ್ಬಮ್‌ನಲ್ಲೂ ಇಟ್ಟರೆ ಇದು ಕಣ್ಣಿಗೇ ಬೀಳುವುದಿಲ್ಲ. ಅಕ್ಕಪಕ್ಕ ಇಟ್ಟರೆ ಯಾರಿಗೂ ವಿವರಿಸಬೇಕಾಗಿಲ್ಲ. ನನ್ನ ವಾದ ಇಷ್ಟೇ. ಆಮೇಲೆ ಆದದ್ದನ್ನು ಹಿಂದಕ್ಕೆ ಎಳೆದು ತಂದು 1946ರ ಕಾಗದದ ತುಂಡುಗಳ ಮೇಲೆ ಹೇರುವುದು ಯಾಕೆ? ಆಗ ಎರಡು ದೇಶ ಇರಲೇ ಇಲ್ಲ. ಸೋಲ್‌ನಲ್ಲಿ ಸರ್ಕಾರ ಆದದ್ದು 1948ರ ಆಗಸ್ಟ್ 15ಕ್ಕೆ, ಪ್ಯಾಂಗ್ಯಾಂಗ್‌ನಲ್ಲಿ ಸೆಪ್ಟೆಂಬರ್ 9ಕ್ಕೆ. ಅಲ್ಲಿಯವರೆಗೆ ಇದ್ದದ್ದು ಒಂದು ದೇಶ, ಎರಡು ಸೈನ್ಯ. ಪತ್ರಗಳು ಕೂಡ ಓಡಾಡುತ್ತಿದ್ದವು. 1946ರ ಮಾರ್ಚ್‌ನಿಂದ ಕೇಸಾಂಗ್ ಪಟ್ಟಣದಲ್ಲಿ ಎರಡೂ ಕಡೆಯ ಅಂಚೆಯವರು ಚೀಲ ಬದಲಾಯಿಸಿಕೊಳ್ಳುತ್ತಿದ್ದರು. 1950ರ ಜೂನ್‌ನಲ್ಲಿ ಯುದ್ಧ ಶುರುವಾಗುವ ತನಕ ಅದು ನಡೆಯಿತು. ಎರಡು ಸರ್ಕಾರ ಬಂದ ಮೇಲೂ ಪತ್ರ ದಾಟುತ್ತಿತ್ತು, ಯೋಚನೆ ಮಾಡಿ.

ಯುದ್ಧದ ವರ್ಷದ ಪುಟವಂತೂ ನೋಡಲೇಬೇಕು. ಜೂನ್ 28ಕ್ಕೆ ಉತ್ತರದ ಸೈನ್ಯ ಸೋಲ್‌ಗೆ ನುಗ್ಗಿತು. ಜುಲೈ 10ಕ್ಕಾಗಲೇ ಪ್ಯಾಂಗ್ಯಾಂಗ್‌ನಿಂದ ಸ್ಟಾಂಪು ಬಂತು, ಸೋಲ್‌ನ ಸರ್ಕಾರಿ ಭವನ ಮತ್ತು ತಮ್ಮ ಹೊಸ ಬಾವುಟ. ಸೆಪ್ಟೆಂಬರ್‌ನಲ್ಲಿ ಅಮೆರಿಕದವರು ಇಂಚೋನ್‌ನಲ್ಲಿ ಇಳಿದು ಆಟ ತಿರುಗಿತು. ದಕ್ಷಿಣದ ಸೈನ್ಯ ಚೀನಾದ ಗಡಿಯವರೆಗೂ ಹೋಯಿತು. ನವೆಂಬರ್ 20ಕ್ಕೆ ದಕ್ಷಿಣದವರು ‘ದೇಶ ಒಂದಾಯಿತು’ ಅಂತ ಸಂಭ್ರಮದ ಸ್ಟಾಂಪು ತಂದರು. ಒಂದರಲ್ಲಿ ಅಧ್ಯಕ್ಷ ಸಿಂಗ್‌ಮನ್ ರೀ, ಇನ್ನೊಂದರಲ್ಲಿ ಚೀನಾ ಗಡಿಯ ಬೇಕ್ದು ಪರ್ವತ. ಕೆಲವೇ ದಿನಗಳಲ್ಲಿ ಚೀನಾದ ಸೈನ್ಯ ದೊಡ್ಡ ದಾಳಿ ಮಾಡಿತು. 1951ರ ಜನವರಿ 4ಕ್ಕೆ ಸೋಲ್ ಮತ್ತೆ ಕೈಬಿಟ್ಟಿತು. ನಾಲ್ಕೂವರೆ ತಿಂಗಳೊಳಗೆ ಎರಡೂ ಕಡೆಯವರು ಗೆದ್ದೆವು ಅಂತ ಸ್ಟಾಂಪು ಹೊಡೆದರು, ಎರಡೂ ಕಡೆಯವರದ್ದೂ ಸುಳ್ಳಾಯಿತು. ಸರ್ಕಾರಗಳು ಸ್ಟಾಂಪು ಅಚ್ಚು ಹಾಕುವಾಗ ಸ್ವಲ್ಪ ತಡೆಯಬೇಕು ಅನ್ನುವುದು ನನ್ನ ಪುಕ್ಕಟೆ ಸಲಹೆ.

ಇಲ್ಲಿಂದ ಮುಂದಿನ ಪುಟಕ್ಕೆ ನಮ್ಮವರೇ ಬರುತ್ತಾರೆ. 1953ರ ಜುಲೈ 27ಕ್ಕೆ ಕದನವಿರಾಮ ಆಯಿತು. ‘ನಾವು ನಮ್ಮ ಕಡೆಗೆ ವಾಪಸ್ ಹೋಗುವುದಿಲ್ಲ’ ಅಂದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳಿದ್ದರು. ಅವರನ್ನು ಕಾಯಲು, ಅವರ ಮನಸ್ಸು ಏನು ಅಂತ ಕೇಳಿ ತಿಳಿಯಲು ತಟಸ್ಥ ರಾಷ್ಟ್ರಗಳ ಆಯೋಗ ಒಂದಾಯಿತು. ಅದರ ಅಧ್ಯಕ್ಷರು ಕೊಡಗಿನ ಕೆ. ಎಸ್. ತಿಮ್ಮಯ್ಯ. ಕಾವಲಿಗೆ ಭಾರತದ ಸೈನಿಕರು. ಸಿಂಗ್‌ಮನ್ ರೀಗೆ ಭಾರತದ ಮೇಲೆ ಎಷ್ಟು ಸಿಟ್ಟು ಅಂದರೆ, ನಮ್ಮ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಬಾರದು ಅಂದುಬಿಟ್ಟರು. ಹಾಗಾಗಿ ಇಂಚೋನ್‌ಗೆ ಬಂದ ಹಡಗಿನಿಂದ ಅವರನ್ನು ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋಗಿ ಗಡಿಯ ಸೇನಾರಹಿತ ವಲಯದಲ್ಲಿ ಇಳಿಸಬೇಕಾಯಿತು. ಅಲ್ಲಿ ಅವರು ಹೂಡಿದ ಬಿಡಾರಕ್ಕೆ ಹಿಂದ್ ನಗರ ಅಂತ ಹೆಸರು.

ಆ ಸೈನಿಕರು ಮನೆಗೆ ಪತ್ರ ಬರೆಯಲಿ ಅಂತ ನಮ್ಮ ಅಂಚೆ ಇಲಾಖೆ 1953ರ ಅಕ್ಟೋಬರ್‌ನಲ್ಲಿ 12 ಸ್ಟಾಂಪು ಹೊರತಂದಿತು. 1949ರ ಸ್ಮಾರಕಗಳ ಮಾಲೆಯ ಮೇಲೆ ನಾಗರಿ ಅಕ್ಷರದಲ್ಲಿ ‘ಭಾರತೀಯ ಸಂರಕ್ಷಾ ಕಟಕ್ ಕೊರಿಯಾ’, ಅಂದರೆ ಕೊರಿಯಾದಲ್ಲಿನ ಭಾರತೀಯ ಕಾವಲು ಪಡೆ, ಅಂತ ಓವರ್‌ಪ್ರಿಂಟ್. ಆ ಮಾಲೆಯ 6 ಆಣೆಯ ಸ್ಟಾಂಪಿನಲ್ಲಿರುವುದು ನಮ್ಮ ವಿಜಾಪುರದ ಗೋಳಗುಮ್ಮಟ! ಯಾರದೋ ದೇಶ, ಯಾರೋ ಎಳೆದ ಗೆರೆ, ಅದರ ನಡುವೆ ಗೋಳಗುಮ್ಮಟದ ಮೇಲೆ ಕೊರಿಯಾ ಅಂತ ಹೆಸರು. ನಮ್ಮ ಕಡೆಯ ಸಂಗ್ರಾಹಕರಲ್ಲಿ ಎಷ್ಟೋ ಜನ ಇದನ್ನು ಭಾರತದ ಆಲ್ಬಮ್‌ನ ಕೊನೆಯಲ್ಲಿ, ಸೇನಾ ಅಂಚೆ ಅನ್ನುವ ಮೂಲೆಗೆ ತಳ್ಳಿರುತ್ತಾರೆ. ನನ್ನ ಪ್ರಕಾರ ಅದರ ಜಾಗ ಕೊರಿಯಾದ ಪುಟ.

ತಿಮ್ಮಯ್ಯನವರ ಕಥೆ ಅಲ್ಲಿಗೇ ಮುಗಿಯಲಿಲ್ಲ. ನಿವೃತ್ತಿಯ ನಂತರ 1964ರಲ್ಲಿ ಅವರನ್ನು ವಿಶ್ವಸಂಸ್ಥೆ ಸೈಪ್ರಸ್‌ಗೆ ಕಳಿಸಿತು. ಗ್ರೀಕರು ತುರ್ಕರು ಹೊಡೆದಾಡಿಕೊಳ್ಳುತ್ತಿದ್ದ ಇನ್ನೊಂದು ಒಡೆದ ನೆಲ. 1965ರ ಡಿಸೆಂಬರ್‌ನಲ್ಲಿ ಅವರು ಅಲ್ಲೇ ತೀರಿಕೊಂಡರು. 1966ರಲ್ಲಿ ಸೈಪ್ರಸ್ ಅವರ ಚಿತ್ರ ಇರುವ ಸ್ಟಾಂಪು ತಂದಿತು. ಕೊಡಗಿನವರ ಮನೆಗಳಲ್ಲಿ ಇದನ್ನು ಫ್ರೇಮ್ ಹಾಕಿ ಇಡಬೇಕು ಅನ್ನಿಸುತ್ತದೆ ನನಗೆ. ಸುಲಭವಾಗಿ ಸಿಗುತ್ತದೆ ಕೂಡ.

‘ಹಾಗಾದರೆ ಭಾರತ ಪಾಕಿಸ್ತಾನವನ್ನೂ ಒಂದೇ ಆಲ್ಬಮ್‌ನಲ್ಲಿ ಇಡ್ತೀಯಾ’ ಅಂತ ಕೇಳುವವರಿದ್ದಾರೆ. ಮೊದಲ ವರ್ಷದ್ದನ್ನು, ಹೌದು, ಇಡಬಹುದು. 1947ರ ಅಕ್ಟೋಬರ್ 1ಕ್ಕೆ ಬಂದ ಪಾಕಿಸ್ತಾನದ ಸ್ಟಾಂಪುಗಳು ನಮ್ಮ ಆರನೇ ಜಾರ್ಜ್ ಸ್ಟಾಂಪುಗಳೇ, ನಾಸಿಕ್‌ನ ಮುದ್ರಣಾಲಯದಲ್ಲೇ ಓವರ್‌ಪ್ರಿಂಟ್ ಆದವು. ಸ್ವತಂತ್ರ ಭಾರತದ ಮೊದಲ ಸ್ಟಾಂಪು, ಬಾವುಟ ಮತ್ತು ಜೈಹಿಂದ್ ಇರುವುದು, ಬಂದದ್ದು ನವೆಂಬರ್ 21ಕ್ಕೆ. ಆದರೆ ಅಲ್ಲಿ ಎರಡು ದೇಶ ಅನ್ನುವುದು ಮೊದಲ ದಿನದಿಂದಲೇ ತೀರ್ಮಾನ ಆಗಿತ್ತು. ಕೊರಿಯಾದಲ್ಲಿ ಹಾಗಿರಲಿಲ್ಲ. 1953ರ ನಂತರ ಕೊರಿಯಾವನ್ನು ನಾನೂ ಬೇರೆ ಬೇರೆ ಆಲ್ಬಮ್‌ಗೆ ಹಾಕುತ್ತೇನೆ. ಅಷ್ಟರಲ್ಲಿ ಎರಡೂ ನಿಜವಾಗಲೂ ಬೇರೆ ಆಗಿದ್ದವು.

ಈಗ ಕೊಳ್ಳುವ ವಿಷಯ. ಉತ್ತರ ಕೊರಿಯಾದ ಮೊದಮೊದಲ ಸ್ಟಾಂಪು ಅಂತ ಆನ್‌ಲೈನ್‌ನಲ್ಲಿ ಕಂಡರೆ ಕೂಡಲೇ ದುಡ್ಡು ಹಾಕಬೇಡಿ. 1950ರ ದಶಕದಲ್ಲಿ ಅಲ್ಲಿನ ಸರ್ಕಾರವೇ ಸಂಗ್ರಾಹಕರಿಗೆ ಮಾರಲು ಇವನ್ನು ಮರುಮುದ್ರಣ ಮಾಡಿತು. ಮಾರುಕಟ್ಟೆಯಲ್ಲಿ ಜಾಸ್ತಿ ಓಡಾಡುವುದು ಅವೇ. ಅವು ನಕಲಿ ಅಲ್ಲ, ಆದರೆ 1946ರವೂ ಅಲ್ಲ. ಕಾಗದ, ಅಚ್ಚು, ಅಂಚಿನ ಹಲ್ಲುಗಳ ಅಳತೆ ಎಲ್ಲವನ್ನೂ ಒಳ್ಳೆಯ ಕ್ಯಾಟಲಾಗ್ ಜೊತೆ ಹೋಲಿಸಬೇಕು. ಮೂಲದ ಕಾಗದ ಒರಟು. ‘ಮಿಂಟ್, ಫ್ರೆಶ್, ಸೂಪರ್ ಕಂಡೀಶನ್’ ಅಂತ ಯಾರಾದರೂ ಹೊಗಳಿದರೆ ನನಗೆ ಅಲ್ಲೇ ಅನುಮಾನ ಶುರು. ಕೊರಿಯಾ ಯುದ್ಧದ ಕಾಲದಿಂದ ಅಮೆರಿಕ ಉತ್ತರದ ಸ್ಟಾಂಪುಗಳ ಆಮದನ್ನು ನಿಷೇಧಿಸಿತ್ತು. ಅಲ್ಲಿನ ಸ್ಕಾಟ್ ಕ್ಯಾಟಲಾಗ್ ಬಹಳ ವರ್ಷ ಆ ದೇಶವನ್ನು ಸೇರಿಸಿರಲೇ ಇಲ್ಲ. ಹಾಗಾಗಿ ಹಳೆಯ ಸ್ಕಾಟ್ ಇಟ್ಟುಕೊಂಡು ಹುಡುಕಿದರೆ ಪ್ರಯೋಜನವಿಲ್ಲ, ಬ್ರಿಟನ್ನಿನ ಸ್ಟ್ಯಾನ್ಲಿ ಗಿಬ್ಬನ್ಸ್ ಕ್ಯಾಟಲಾಗ್ ನೋಡಿ.

ಹೊಸದಾಗಿ ಶುರು ಮಾಡುವವರು ನಮ್ಮ 12 ಕೊರಿಯಾ ಓವರ್‌ಪ್ರಿಂಟ್‌ಗಳಿಂದ ಶುರು ಮಾಡಿ. ಆಮೇಲೆ ದಕ್ಷಿಣದ ಆ ಆರು. ಉತ್ತರದ ಮೂಲ ಪ್ರತಿಗಳನ್ನು ಕಣ್ಣು ಪಳಗಿದ ಮೇಲೆ ನೋಡಿಕೊಳ್ಳಿ. ನಾನು ಹುಡುಕುತ್ತಿರುವುದು ಮಾತ್ರ ಸ್ಟಾಂಪಲ್ಲ, ಹಿಂದ್ ನಗರದಿಂದ ಮನೆಗೆ ಬಂದ ಕವರ್, ಫೀಲ್ಡ್ ಪೋಸ್ಟ್ ಆಫೀಸಿನ (ಸೇನೆಯ ಅಂಚೆ ಕಚೇರಿಯ) ಮುದ್ರೆ ಬಿದ್ದದ್ದು. ಕೊಡಗು, ಬೆಳಗಾವಿ ಕಡೆಯ ಸೈನಿಕರ ಮನೆಗಳ ಟ್ರಂಕಿನಲ್ಲಿ ಇದ್ದರೂ ಇರಬಹುದು. ಯಾರ ಹತ್ತಿರವಾದರೂ ಇದ್ದರೆ ಮಾರಬೇಕಾಗಿಲ್ಲ. ಸ್ಟಾಂಪನ್ನು ಮಾತ್ರ ಕವರಿನಿಂದ ಕಿತ್ತು ತೆಗೆಯಬೇಡಿ, ಒಂದು ಫೋಟೋ ತೆಗೆದು ಕಾಮೆಂಟಿನಲ್ಲಿ ಹಾಕಿ.