ಕೈಕೊಟ್ಟದ್ದು ಸೆಟ್ಟಿಂಗು, ಬೈಸಿಕೊಂಡದ್ದು ಕನ್ನಡ

ಹಾಸನದ ಬಿ.ಎಂ. ರಸ್ತೆಯಲ್ಲಿ ಇವತ್ತು ಆಳೆತ್ತರದ ಫ್ಲೆಕ್ಸ್ ಒಂದು ನೇತಾಡುತ್ತಿದೆ. ಅದರ ಮೇಲೆ ‘ಹಾರ್‌ದಿಕ ಸ್‌ವಾಗತ’. ಒತ್ತಕ್ಷರಗಳೆಲ್ಲ ಜಗಳ ಆಡಿ ಬೇರೆ ಮನೆ ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ ನಿಂತಿವೆ. ಯಾಕ್ರೀ ಹೀಗೆ ಅಂದರೆ ಬಂದ ಉತ್ತರ: ‘ಕನ್ನಡ ಭಾಷೆ ಕಂಪ್ಯೂಟರಿಗೆ ಸರಿಯಾಗಿ ಕೂರಲ್ಲ ಸಾರ್, ಅದು ಇಂಗ್ಲಿಷಿಗೇ ಅಂತ ಮಾಡಿರೋದು.’

ಈ ಮಾತು ಕೇಳಿದರೆ ನನಗೆ ಎಲ್ಲಿ ಉರಿಯುತ್ತದೆ ಅಂತ ಇಲ್ಲಿರುವ ನಿಮಗೆಲ್ಲ ಗೊತ್ತು. ಭಾಷೆ ಏನು ಮಾಡಿತು ಸ್ವಾಮಿ? ಭಾಷೆ ಆ ಫ್ಲೆಕ್ಸ್ ಅಂಗಡಿಯೊಳಗೆ ಕಾಲೇ ಇಟ್ಟಿಲ್ಲ. ಅಲ್ಲಿ ಕೆಟ್ಟದ್ದು ಅಕ್ಷರ ಜೋಡಿಸುವ ಕೆಲಸ. ಇವರಿಗೆ ಮಾತಾಡೋದೂ ಭಾಷೆ, ಬರೆಯೋ ಲಿಪಿಯೂ ಭಾಷೆ, ಫಾಂಟೂ ಭಾಷೆ, ಕಂಪ್ಯೂಟರ್ ಪ್ರೋಗ್ರಾಂ ಬರೆಯೋ ಪೈಥಾನೂ ಭಾಷೆ. ರಾಗಿ, ಹುರುಳಿ, ಕಾಫಿಬೀಜ ಎಲ್ಲ ಒಂದೇ ಚೀಲಕ್ಕೆ ಸುರಿದು, ಆಮೇಲೆ ಹಿಟ್ಟು ಸರಿಯಾಗಿಲ್ಲ ಅಂತ ಗಿರಣಿಯವನ ಮೇಲೆ ಎಗರಾಡೋದು.

ಭಾಷೆ ಬೇರೆ, ಲಿಪಿ ಬೇರೆ ಅನ್ನೋದಕ್ಕೆ ನಮ್ಮ ಜಿಲ್ಲೆಯವರು ಪುಸ್ತಕ ತೆಗೆಯೋದೇ ಬೇಡ. ಶ್ರವಣಬೆಳಗೊಳದ ಬೆಟ್ಟ ಹತ್ತಿ ಗೊಮ್ಮಟನ ಪಾದದ ಹತ್ತಿರ ನೋಡಿ. ಚಾವುಂಡರಾಯ ಮಾಡಿಸಿದ ಅನ್ನೋ ಒಂದೇ ಸಂಗತಿ ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಇದೆ. ಮರಾಠಿಯದು ನಾಗರಿ ಲಿಪಿ. ತಮಿಳಿನ ಒಂದು ಸಾಲಿನಲ್ಲೇ ಗ್ರಂಥ, ವಟ್ಟೆಳುತ್ತು ಎರಡು ಲಿಪಿ! ಇತ್ತ ನಮ್ಮ ಸಂಕೇತಿಗಳು ಮನೆಯಲ್ಲಿ ಆಡುವುದು ತಮಿಳು, ಮಲಯಾಳಕ್ಕೆ ಹತ್ತಿರದ ನುಡಿ, ಬರೆಯುವುದು ಕನ್ನಡ ಅಕ್ಷರದಲ್ಲಿ. ಚಿಕ್ಕಮಗಳೂರಿನ ಕಡೆ ತುಳು, ಕೊಂಕಣಿ, ಬ್ಯಾರಿ ಆಡುವವರೂ ಇದೇ ಅಕ್ಷರದಲ್ಲಿ ಬರೆಯುತ್ತಾರೆ. ಹಾಗಂತ ಅದೆಲ್ಲ ಕನ್ನಡ ಭಾಷೆ ಆಗಿಬಿಡಲಿಲ್ಲ.

ಈಗ ಅಂಗಡಿಯ ವಿಷಯಕ್ಕೆ ಬನ್ನಿ. ವಾಟ್ಸಾಪಿನಲ್ಲಿ ನೀವು ಕಳಿಸೋ ‘ಸ್ವಾಗತ’ ಯೂನಿಕೋಡ್, ಅಂದರೆ ಎಲ್ಲ ಲಿಪಿಯ ಅಕ್ಷರಕ್ಕೂ ಒಂದೊಂದು ಸಂಕೇತ ಕೊಡೋ ವ್ಯವಸ್ಥೆ. ಅದರಲ್ಲಿ ಒತ್ತಕ್ಷರ ಅಂತ ಬೇರೆ ಅಕ್ಷರವೇ ಇಲ್ಲ. ಸ, ಹಲಂತ (ಅ-ಕಾರ ತೆಗೆಯೋ ಗುರುತು), ವ, ಆ-ಕಾರ, ಗ, ತ, ಹೀಗೆ ಸಾಲಾಗಿ 6 ಸಂಕೇತ ಇರುತ್ತವೆ. ಹಲಂತದ ಮುಂದೆ ವ ಬಂತು, ಹಾಗಾದರೆ ವ-ವನ್ನು ಸ-ದ ಕೆಳಗೆ ಇಳಿಸು ಅಂತ ನಿಯಮ ಬರೆದಿರೋದು ಫಾಂಟಿನೊಳಗೆ. ಆ ನಿಯಮ ಓದಿ ಜೋಡಿಸೋದು ತಂತ್ರಾಂಶದಲ್ಲಿರುವ ಇನ್ನೊಂದು ಭಾಗ, ಇಂಗ್ಲಿಷಿನಲ್ಲಿ ಶೇಪಿಂಗ್ ಎಂಜಿನ್ ಅನ್ನುತ್ತಾರೆ. ಹಳೇ ಫೋಟೋಶಾಪಿನಲ್ಲಿ ಅದನ್ನು ಆನ್ ಮಾಡದೆ ಪೇಸ್ಟ್ ಮಾಡಿದರೆ ‘ಸ್‌ವಾಗತ’ವೇ ಗತಿ. ಫಾಂಟ್ ಎಷ್ಟು ಬದಲಾಯಿಸಿದರೂ ಉಪಯೋಗವಿಲ್ಲ.

2022ರ ಆವೃತ್ತಿಯಿಂದ ಈಚೆಗೆ ಅದು ತಾನಾಗೇ ಆನ್ ಇರುತ್ತದೆ. ಹಳೆಯದರಲ್ಲಿ ಆನ್ ಮಾಡೋಕೆ ಒಂದು ನಿಮಿಷ ಸಾಕು. ಪ್ರಿಫರೆನ್ಸಸ್, ಅದರಲ್ಲಿ ಟೈಪ್, ಅಲ್ಲಿ ಟೆಕ್ಸ್ಟ್ ಎಂಜಿನ್ ಅನ್ನೋ ಕಡೆ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷಿಯನ್’ ಅಂತ ಇರುತ್ತದೆ. ಅದರ ಮುಂದಿನವುಗಳಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಅಂತ. ಅದನ್ನು ಆರಿಸಿ, ತಂತ್ರಾಂಶ ಮುಚ್ಚಿ ತೆರೆದು, ಪ್ಯಾರಾಗ್ರಾಫ್ ಮೆನುವಿನಲ್ಲೂ ವರ್ಲ್ಡ್ ರೆಡಿ ಅಂತಲೇ ಮಾಡಿ. ಫಾಂಟು ನೋಟೋ ಸಾನ್ಸ್ ಕನ್ನಡವೋ ತುಂಗಾವೋ, ಯೂನಿಕೋಡಿನ ಯಾವುದಾದರೂ ಸರಿ. ಮುದ್ರಣಕ್ಕೆ ಬೇರೆಯವರ ಕಂಪ್ಯೂಟರಿಗೆ ಕಳಿಸೋದಾದರೆ ಅಕ್ಷರಗಳನ್ನು ಕರ್ವ್ (ಗೆರೆಚಿತ್ರ) ಮಾಡಿ ಕಳಿಸಿ. ಆದರೆ ಕರ್ವ್ ಮಾಡೋ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳಿ, ಆಮೇಲೆ ಅದು ಬರೀ ಚಿತ್ರ, ಕಾಗುಣಿತ ತಪ್ಪಿದ್ದರೆ ತಿದ್ದೋಕಾಗಲ್ಲ.

‘ನಾವು ನುಡಿ ಫಾಂಟಲ್ಲೇ ಹಾಕ್ತೀವಿ ಸಾರ್, ಅಚ್ಚು ಚೆನ್ನಾಗಿ ಬರುತ್ತೆ’ ಅನ್ನೋರೂ ಇದ್ದಾರೆ. ಒಪ್ಪಿದೆ, ಬರುತ್ತೆ. (ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶಗಳ ಅಭಿಮಾನಿಗಳು ಈಗಲೇ ಕಾಮೆಂಟ್ ಮಾಡೋಕೆ ಓಡಬೇಡಿ. ಯಾರೂ ಕೈಹಿಡಿಯದ ಕಾಲದಲ್ಲಿ ಅವೇ ನಮ್ಮನ್ನು ಸಾಕಿದ್ದು, ಈಗ ಅವುಗಳಲ್ಲೂ ಯೂನಿಕೋಡ್ ಇದೆ. ನಾನು ಹೇಳ್ತಿರೋದು ಯೂನಿಕೋಡ್ ಅಲ್ಲದ, ‘ಆಸ್ಕಿ’ ಅನ್ನೋ ಹಳೇ ಫಾಂಟಿನ ಮಾತು.) ಆ ಫಾಂಟಿನಲ್ಲಿ ‘ಕನ್ನಡ’ ಅಂತ ಟೈಪ್ ಮಾಡಿದರೆ ಕಡತದಲ್ಲಿ ಕೂರೋದು ಏನು ಗೊತ್ತಾ? ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ಮುಖವಾಡ. ಫಾಂಟ್ ತೆಗೆದ ಕ್ಷಣ ವೇಷ ಕಳಚುತ್ತೆ. ಗೂಗಲ್‌ನಲ್ಲಿ ಹುಡುಕಿದರೆ ಸಿಗಲ್ಲ, ಕುರುಡರ ಕಂಪ್ಯೂಟರ್ ಅದನ್ನು ಓದಿ ಹೇಳಲ್ಲ.

ಆಸ್ಕಿಯನ್ನು ಯೂನಿಕೋಡ್ ಮಾಡೋ ಪರಿವರ್ತಕಗಳು ಬೇಕಾದಷ್ಟಿವೆ, ಆದರೆ ಎಡವೋದು ಎಲ್ಲಿ ಅಂತ ತಿಳಿದಿರಬೇಕು. ಆಸ್ಕಿಯಲ್ಲಿ ಕಣ್ಣಿಗೆ ಕಂಡ ಕ್ರಮ, ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮ. ‘ಹಾರ್ದಿಕ’ದಲ್ಲಿ ಅರ್ಕಾವತ್ತು ಕಣ್ಣಿಗೆ ದಿ ಆದಮೇಲೆ ಕಾಣುತ್ತೆ, ನಾಲಿಗೆಯಲ್ಲಿ ಮೊದಲೇ ಬರುತ್ತೆ. ಪರಿವರ್ತಕ ಆ ರ್-ಅನ್ನು ಎತ್ತಿ ಹಿಂದಕ್ಕೆ ತರಬೇಕು, ತರದಿದ್ದರೆ ‘ಹಾದಿರ್ಕ’. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಕಲಸಿಹಾಕುತ್ತೆ. ಇಂಗ್ಲಿಷ್ ಪದ, ಇಮೇಲ್ ವಿಳಾಸ ಮೊದಲೇ ಬೇರೆ ತೆಗೆದಿಡಿ. ಅರ್ಕಾವತ್ತು ಇರೋ ಪದಗಳನ್ನು ಆಮೇಲೆ ಒಂದೊಂದಾಗಿ ನೋಡಿ. ಇಷ್ಟೆಲ್ಲ ಉಪದೇಶ ಮಾಡ್ತಿರೋ ನನ್ನ ಹಳೇ ಕಡತಗಳಲ್ಲಿ ಅರ್ಧ ಇನ್ನೂ ಆಸ್ಕಿಯಲ್ಲೇ ಕೊಳೀತಿವೆ, ಅದು ಬೇರೆ ಕತೆ.

‘ಓದಿದರೆ ಅರ್ಥ ಆಗುತ್ತಲ್ಲ, ಯಾಕಿಷ್ಟು ರಂಪ?’ ಅಂತ ಕೇಳೋರಿದ್ದೀರಿ. ಆಗುತ್ತೆ ಮಾರಾಯ್ರೇ. ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಹವಾಯಿ ಚಪ್ಪಲಿ ಹಾಕಿಕೊಂಡೂ ಮದುವೆಮನೆಗೆ ಹೋಗಬಹುದು.

ಇನ್ನು ‘ಕಂಪ್ಯೂಟರ್ ಭಾಷೆ ಇಂಗ್ಲಿಷ್’ ಅನ್ನೋ ಪಂಡಿತರು. ಯಂತ್ರಕ್ಕೆ ಇಂಗ್ಲಿಷೂ ಬರಲ್ಲ, ಅದರದ್ದು 0 ಮತ್ತು 1. ಪೈಥಾನ್‌ನಲ್ಲಿ ಕಾಯ್ದಿರಿಸಿದ ಪದಗಳು ಸುಮಾರು 35, ಮಿಕ್ಕ ಹೆಸರೆಲ್ಲ ನಾವು ಇಟ್ಟದ್ದು. ಪೈಥಾನ್ 3ರಲ್ಲಿ ‘ಬೆಲೆ = 40’ ಅಂತ ಕನ್ನಡದಲ್ಲೇ ಬರೆಯಿರಿ, ಓಡುತ್ತೆ. ತಕರಾರು ಬರೋದು ಬೇರೆ ಕಡೆ. ‘ಸಾಫ್ಟ್‌ವೇರ್’ ಅಂತ ಹೆಸರಿಟ್ಟರೆ ದೋಷ ತೋರಿಸುತ್ತೆ, ಯಾಕೆಂದರೆ ಟ್ ಮತ್ತು ವೇ ಅಂಟದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತೆ, ಹೆಸರಿನೊಳಗೆ ಅದಕ್ಕೆ ಪ್ರವೇಶ ಇಲ್ಲ. ನೇರವಾಗಿ ‘ಬೆಲೆ = ೪೦’ ಅಂದರೂ ಬೈಯುತ್ತೆ, ಅದೇ ೪೦ನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಪಠ್ಯವನ್ನು ಸಂಖ್ಯೆ ಮಾಡೋ ಇಂಟ್‌ಗೆ ಕೊಟ್ಟರೆ ತೆಪ್ಪಗೆ 40 ಮಾಡಿಕೊಡುತ್ತೆ. ‘ಹಾಸನ’ವನ್ನು ತಿರುಗಿಸು ಅಂದರೆ ‘ನಸಹಾ’ ಬರಲ್ಲ, ‘ನಸಾಹ’ ಬರುತ್ತೆ. ದೀರ್ಘ ಪ್ರತ್ಯೇಕ ಸಂಕೇತ ಆಗಿರೋದರಿಂದ ಹ-ವನ್ನು ಬಿಟ್ಟು ಸ-ದ ಹೆಗಲೇರಿತು. ‘ಚಿಕ್ಕಮಗಳೂರು’ ನಮ್ಮ ಕಣ್ಣಿಗೆ 6 ಅಕ್ಷರ, ಪೈಥಾನ್ ಲೆಕ್ಕದಲ್ಲಿ 11, ಯೂನಿಕೋಡನ್ನು ಕಡತದಲ್ಲಿ ಉಳಿಸೋ ಯುಟಿಎಫ್-8 ಕ್ರಮದಲ್ಲಿ 33 ಬೈಟ್. ಇಂಗ್ಲಿಷ್ ಎಸ್ಸೆಮ್ಮೆಸ್‌ಗೆ 160, ಕನ್ನಡದ್ದಕ್ಕೆ 70 ಅನ್ನೋ ಮಿತಿ ಇದೆಯಲ್ಲ, ಆ 70ರಲ್ಲಿ ಊರಿನ ಹೆಸರೇ 11 ನುಂಗುತ್ತೆ.

ಹೆಸರುಪಟ್ಟಿ ಅಕಾರಾದಿ ಮಾಡೋರಿಗೆ ಒಂದು ಮಾತು. ಯೂನಿಕೋಡ್ ಕೋಷ್ಟಕದಲ್ಲಿ ಳ ಇರೋದು ಲ ಆದ ಕೂಡಲೇ, ನಮ್ಮ ವರ್ಣಮಾಲೆಯಲ್ಲಿ ಹ ಆದಮೇಲೆ. ಬರೀ ಸಂಕೇತದ ಪ್ರಕಾರ ಜೋಡಿಸಿದರೆ ‘ಬಹಳ’ಕ್ಕಿಂತ ಮುಂಚೆ ‘ಬಳೆ’ ಬಂದು ಕೂರುತ್ತೆ. ಕನ್ನಡಕ್ಕೆ ಅಂತ ಇರೋ ವಿಂಗಡಣೆ ನಿಯಮ ಹೇಳಿ ಓಡಿಸಬೇಕು. ಇದೂ ಕನ್ನಡದ ದೋಷ ಅಲ್ಲ, ಹೇಳದೆ ಓಡಿಸಿದವರದ್ದು.

ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಕ್ರಿ.ಶ. 450ರ ಸುಮಾರಿಗೆ ಉಳಿ ಹಿಡಿದವನು ಗಟ್ಟಿ ಕಲ್ಲಿನ ಮೇಲೆ 16 ಸಾಲು ಕೊರೆದ. ಕಲ್ಲು ಕನ್ನಡಕ್ಕೆ ಕೂರಲ್ಲ ಅಂತ ಅವನು ಗೊಣಗಿದ ದಾಖಲೆಯಂತೂ ಇಲ್ಲ.

ಫ್ಲೆಕ್ಸ್ ಅಂಗಡಿಯ ಹುಡುಗನಿಗೆ ಸೆಟ್ಟಿಂಗ್ ಬರೆದುಕೊಟ್ಟದ್ದಾಯಿತು. ‘ಮುಂದಿನ ಸಲ ನೋಡೋಣ ಸಾರ್’ ಅಂದಿದ್ದಾನೆ. ಹಾಸನದ ಕಡೆ ‘ನೋಡೋಣ’ ಅಂದರೆ ಏನರ್ಥ ಅಂತ ಯಾವ ಶೇಪಿಂಗ್ ಎಂಜಿನ್ನಿಗೂ ಗೊತ್ತಿಲ್ಲ, ನಿಮಗೆ ಗೊತ್ತಿದೆ.